ಹನ್ನೊಂದು ಗಂಟೆಯ ವ್ಯಾನು

ಪೋಸ್ಟಕ್ಕನಿಗೂ ಒಂದು ಹೆಸರಿತ್ತು. ಆದರೆ ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಬೀದಿಯ ಮಟ್ಟಿಗೆ ಅವಳು ಪೋಸ್ಟಕ್ಕ. ಕಟ್ಟಿಕೊಂಡ ಗಂಡ ಕೂಡ ಸಿಟ್ಟು ಬಂದಾಗ, "ಏನಮ್ಮಾ ಪೋಸ್ಟಕ್ಕ, ಇವತ್ತಾದ್ರೂ ಮನೆ ನೆನಪಾಯ್ತಾ?" ಅಂತಲೇ ಕೇಳುತ್ತಿದ್ದ. ಇಪ್ಪತ್ತೆರಡು ವರ್ಷ ಒಂದೇ ಕೌಂಟರಿನ ಹಿಂದೆ ಕೂತವಳನ್ನು ಇನ್ನೇನಂತ ಕರೆಯಬೇಕು, ಹೇಳಿ.

ಪೋಸ್ಟಾಫೀಸು ಅಂದ ಕೂಡಲೇ ದೊಡ್ಡ ಕಟ್ಟಡ, ಮೆಟ್ಟಿಲು, ಕಂಬ ಅಂತೆಲ್ಲ ಅಂದುಕೊಳ್ಳಬೇಡಿ. ಎರಡು ಟೈಲರ್ ಅಂಗಡಿಗಳ ಮಧ್ಯೆ ಸಿಕ್ಕಿಹಾಕಿಕೊಂಡಿದ್ದ ಒಂದು ಬಾಡಿಗೆ ಕೋಣೆ. ಎಡಗಡೆ ಹೊಲಿಗೆ ಯಂತ್ರದ ಸದ್ದು, ಬಲಗಡೆಯೂ ಅದೇ ಸದ್ದು. ನಡುವೆ ಒಂದು ಕೌಂಟರು, ಒಂದು ಕಂಪ್ಯೂಟರು, ಒಂದು ತೂಕದ ಯಂತ್ರ, ಪತ್ರ ವಿಂಗಡಿಸೋ ಗೂಡುಗಳ ಕಪಾಟು, ಗೋಡೆಗೆ ಒತ್ತಿ ಒಂದು ಬೆಂಚು. ಮೂರು ಜನರ ಬೆಂಚಿನ ಮೇಲೆ ಐದು ಜನ ಕೂತಿರುತ್ತಿದ್ದರು, ಆರನೆಯವರು ಬಂದು "ಸ್ವಲ್ಪ ಸರೀರಿ" ಅನ್ನುತ್ತಿದ್ದರು. ಕೆಲಸ ಇದ್ದವರೂ ಬರುತ್ತಿದ್ದರು, ಇಲ್ಲದವರು ಇನ್ನೂ ಜಾಸ್ತಿ ಬರುತ್ತಿದ್ದರು. ಫಾರಂ ತುಂಬಿಸಿಕೊಳ್ಳೋದಕ್ಕೆ, ಆಸ್ಪತ್ರೆಯ ಚೀಟಿ ಓದಿಸಿಕೊಳ್ಳೋದಕ್ಕೆ, ಸೊಸೆಯನ್ನು ಬೈಯೋದಕ್ಕೆ, ಸುಮ್ಮನೆ ಫ್ಯಾನಿನ ಕೆಳಗೆ ಕೂರೋದಕ್ಕೆ. ಪೋಸ್ಟಕ್ಕ ಒಂದು ಕೈಯಲ್ಲಿ ಮೊಹರು ಒತ್ತುತ್ತಾ ಎಲ್ಲರಿಗೂ ಹೂಂಗುಟ್ಟುತ್ತಿದ್ದಳು.

ಈ ಕಥೆಯಲ್ಲಿ ಯಾರನ್ನಾದರೂ ಬೈಯಲೇಬೇಕು ಅಂತಿದ್ದರೆ ಮೊದಲು ಮೇಲ್ ವ್ಯಾನನ್ನು ಬೈಯಿರಿ. ಬೆಳಿಗ್ಗೆ ಹನ್ನೊಂದಕ್ಕೆ ಬಂದು ಅಂಚೆ ಚೀಲ ಎತ್ತಿಕೊಂಡು ಹೋದರೆ ಮುಗಿಯಿತು, ಮತ್ತೆ ಮಾರನೇ ದಿನ ಹನ್ನೊಂದಕ್ಕೇ. ಹನ್ನೊಂದೂ ಐದಕ್ಕೆ ಕೊಟ್ಟ ಪತ್ರವೂ ಒಂದು ದಿನ ಪೂರ್ತಿ ಆ ಕೋಣೆಯಲ್ಲೇ ಬಿದ್ದಿರಬೇಕು. ಹೊಲಿಗೆಯವರು, ಇಸ್ತ್ರಿಯವರು, ಗ್ಯಾರೇಜಿನವರು ತುಂಬಿರೋ ಬೀದಿಯಲ್ಲಿ ಹನ್ನೊಂದರೊಳಗೆ ಯಾರಿಗೆ ರೀ ಪುರುಸೊತ್ತು?

ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ಪಕ್ಕದ ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದ ಹುಡುಗಿ ಒಂದು ಲಕೋಟೆ ಹಿಡಿದು ಓಡಿಬಂದಳು. ಕೆಲಸದ ಅರ್ಜಿ. ಅವತ್ತೇ ಹೋಗದಿದ್ದರೆ ಕೊನೇ ದಿನ ತಪ್ಪುತ್ತಿತ್ತು. ವ್ಯಾನು ಹೋಗಿ ನಾಲ್ಕು ಗಂಟೆಯಾಗಿತ್ತು. ಹುಡುಗಿ ಕೌಂಟರಿಗೆ ಹಣೆ ಒತ್ತಿ ಗಳಗಳ ಅಳೋದಕ್ಕೆ ಶುರುಮಾಡಿದಳು. "ಅಳಬೇಡ್ವೇ, ಇಲ್ಲಿ ಕೊಡು" ಅಂದಳು ಪೋಸ್ಟಕ್ಕ. ಲಕೋಟೆಯನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಸಾಯಂಕಾಲ ಮನೆಗೆ ಹೋಗುವ ಬಸ್ಸು ದೊಡ್ಡ ಪೋಸ್ಟಾಫೀಸಿನ ಮುಂದೆಯೇ ಹಾದು ಹೋಗುತ್ತಿತ್ತು, ಅದು ಆರರವರೆಗೂ ತೆರೆದಿರುತ್ತಿತ್ತು. ಇಳಿದು ಸಾಲಿನಲ್ಲಿ ನಿಂತು ಅಲ್ಲೇ ರಿಜಿಸ್ಟರ್ ಮಾಡಿಸಿ, ಮಾರನೇ ದಿನ ಹುಡುಗಿಯ ಕೈಗೆ ರಸೀದಿ ಕೊಟ್ಟಳು. ಹುಡುಗಿಗೆ ಕೆಲಸ ಸಿಕ್ಕಿತು. ಬೀದಿಗೆಲ್ಲ ಸುದ್ದಿಯಾಯಿತು.

ಆಮೇಲೆ ಕೇಳಬೇಕೆ! ಒಂದು ನಾಲ್ಕಾಯಿತು, ನಾಲ್ಕು ಹದಿನಾಲ್ಕಾಯಿತು. ನಾಲ್ಕು ಗಂಟೆಯೊಳಗೆ ಪೋಸ್ಟಕ್ಕನ ಕೈಗೆ ಕೊಟ್ಟರೆ ಇವತ್ತೇ ಹೋಗುತ್ತೆ ಅಂತ ಗೊತ್ತಾದ ಮೇಲೆ, ಬೆಳಿಗ್ಗೆ ಬರುತ್ತಿದ್ದವರೂ ನಿಧಾನಕ್ಕೆ ಮಧ್ಯಾಹ್ನವೇ ಬರತೊಡಗಿದರು. ಹೇಗೆ ಹೋಗುತ್ತೆ, ಯಾವ ಕೌಂಟರಿನಲ್ಲಿ ದಾಖಲಾಗುತ್ತೆ ಅಂತ ಯಾರೂ ಕೇಳಲಿಲ್ಲ. ಕೈಚೀಲ ಸಾಲದೆ ಪೋಸ್ಟಕ್ಕ ಪಕ್ಕದಂಗಡಿಯಲ್ಲಿ ಎರಡು ದಪ್ಪ ಬಟ್ಟೆ ಚೀಲ ಹೊಲಿಸಿಕೊಂಡಳು. ಎರಡೂ ಹೆಗಲಿಗೆ ಒಂದೊಂದು. ಇಸ್ತ್ರಿಯಮ್ಮ ಬೇರೆ ಊರಿನಲ್ಲಿ ಕಾಲು ಊದಿಕೊಂಡು ಮಲಗಿದ್ದ ಅಕ್ಕನಿಗೆ ವಾರ ವಾರ ಮುಲಾಮು ಕಳಿಸುತ್ತಿದ್ದಳು. ಆ ಡಬ್ಬಿಯನ್ನು ಮಾತ್ರ ಸೋರದಿರಲಿ ಅಂತ ಪೋಸ್ಟಕ್ಕ ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಳ್ಳುತ್ತಿದ್ದಳು.

ಇದು ತಪ್ಪು ಅಂತ ಅವಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿಯೇ ಗೊತ್ತಿತ್ತು. ಗಿರಾಕಿ ಕೊಟ್ಟದ್ದಕ್ಕೆ ಆ ಕ್ಷಣವೇ, ಆ ಕೌಂಟರಿನಲ್ಲೇ ರಸೀದಿ ಹರಿಯಬೇಕು. ಅರಗಿನ ಮುದ್ರೆ ಹಾಕಿದ ಚೀಲದಲ್ಲಿ ಬಿಟ್ಟರೆ ಬೇರೆ ಯಾವ ದಾರಿಯಲ್ಲೂ ಒಂದು ಕಾಗದ ಹೊರಗೆ ಹೋಗಕೂಡದು. ಹೋದರೆ ಮನೆಗೆ ಕಳಿಸುತ್ತಾರೆ, ಪಿಂಚಣಿಗೂ ಕಲ್ಲು ಬೀಳುತ್ತೆ. ಮನೆಯಲ್ಲಿ ಗಂಡ ಗೋದಾಮಿನಲ್ಲಿ ಮೂಟೆ ಎತ್ತೋದಕ್ಕೆ ಹೋಗಿ ಬೆನ್ನು ಮುರಿದುಕೊಂಡು ಕೂತಿದ್ದ, ಹಿಟ್ಟಿಗೂ ಬಟ್ಟೆಗೂ ಅವಳದೊಂದೇ ಸಂಬಳ. ಆದರೂ ಯಾರು ನೋಡುತ್ತಾರೆ ಬಿಡು, ಜನಕ್ಕೆ ಒಂದು ದಿನ ಉಳಿಯುತ್ತೆ ಅಂತ ಹೊತ್ತಳು. ಒಂಬತ್ತು ವರ್ಷ ಹೊತ್ತಳು.

ಹೀಗಿರುವಾಗ ಕೋಣೆಯ ಮಾಲೀಕ ಕೋಣೆ ಬಿಡಿ ಅಂದ. ಇಲಾಖೆಯಿಂದ ಕಾಗದ ಬಂತು: ಪುರಸಭೆಯವರು ಬಾಡಿಗೆಯಿಲ್ಲದ ಜಾಗ ಕೊಟ್ಟರೆ ಕಚೇರಿ ಉಳಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಬಾಗಿಲಿಗೆ ಬೀಗ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಪುರಸಭೆಯ ಕೋಣೆಯೊಂದು ಖಾಲಿ ಬಿದ್ದಿತ್ತು. ಅದನ್ನು ಕೊಡಿ ಅಂತ ಕೇಳಬೇಕು, ಅಷ್ಟೇ. ಆದರೆ ಪುರಸಭೆಯಲ್ಲಿ ಅಷ್ಟೇ ಅನ್ನೋ ಕೆಲಸ ಯಾವುದಿದೆ, ನೀವೇ ಹೇಳಿ.

ಮುಂದೆ ಬಿದ್ದವರು ಮೇಷ್ಟ್ರು. ಮೂವತ್ತೈದು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು. ಅರ್ಧ ಬೀದಿಯ ಕಿವಿ ಅವರ ಕೈಯಲ್ಲಿ ಕೆಂಪಾಗಿತ್ತು. ಅವರ ಸ್ವಭಾವ ಹೇಗೆಂದರೆ, ಟೀ ಅಂಗಡಿಯವನು "ಏನಿಲ್ಲಾಂದ್ರೂ ನೂರು ಜನ ಬಂದಿದ್ರು ಸಾರ್" ಅಂದರೆ, "ನೀನು ಎಣಿಸಿದ್ಯಾ?" ಅಂತ ಕೇಳುತ್ತಿದ್ದರು. ತಪ್ಪು ಲೆಕ್ಕ ಅಂದರೆ ಅವರಿಗೆ ಮೈಯೆಲ್ಲ ಉರಿ.

"ಗೋಳಾಡಿದ್ರೆ ಪುರಸಭೆ ಕಿವಿ ಮೇಲೆ ಹಾಕ್ಕೊಳಲ್ಲಮ್ಮ," ಅಂದರು ಪೋಸ್ಟಕ್ಕನಿಗೆ. "ಲೆಕ್ಕ ಕೊಡ್ಬೇಕು. ಲೆಕ್ಕ ಕೊಟ್ರೆ ತೆಪ್ಪಗಾಗ್ತಾರೆ."

ಎರಡು ವಾರ ಬೆಂಚಿನ ತುದಿಯಲ್ಲಿ ಒಂದು ನೋಟುಪುಸ್ತಕ ಹಿಡಿದು ಕೂತರು. ಬಾಗಿಲು ತೆಗೆದಾಗಿನಿಂದ ಮುಚ್ಚುವವರೆಗೆ ಕೌಂಟರಿನ ಮೇಲೆ ಬಂದ ಒಂದೊಂದು ಪತ್ರಕ್ಕೂ, ಒಂದೊಂದು ಪಾರ್ಸಲಿಗೂ ಗೀಟು ಹಾಕಿದರು. ಪೋಸ್ಟಕ್ಕ ನಗುತ್ತಾ, "ನನ್ನನ್ನೂ ಒಂದು ಪಾರ್ಸಲ್ ಅಂತ ಬರ್ಕೊಳಿ ಮೇಷ್ಟ್ರೇ" ಅಂದರೆ, "ನಿನ್ನ ತೂಕಕ್ಕೆ ಸ್ಟಾಂಪು ಅಂಟಿಸಿದ್ರೆ ಇಲಾಖೆ ಉದ್ಧಾರ ಆಗುತ್ತೆ" ಅನ್ನುತ್ತಿದ್ದರು. ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ಅಪ್ಪಿತಪ್ಪಿ ಯಾರಾದರೂ ಕೇಳಿದರೆ ಇರಲಿ ಅಂತ ಜನರ ಹತ್ತಿರ ಇದ್ದ ಹಳೇ ರಸೀದಿಗಳನ್ನೂ ಬೇಡಿ ತಂದರು. ಡಬ್ಬಿಯಿಂದ, ಹಾಸಿಗೆ ಕೆಳಗಿಂದ, ಪಾಸ್‌ಬುಕ್ಕಿನ ಒಳಗಿಂದ ತೆಗೆದುಕೊಟ್ಟರು ಜನ. ಮೇಷ್ಟ್ರು ಅವನ್ನೆಲ್ಲ ಎಣಿಸಿ, ಫೈಲಿನಲ್ಲಿಟ್ಟು, ದಾರ ಕಟ್ಟಿದರು.

ಸಭೆಯ ದಿನ ಬೀದಿಯ ಮೂವತ್ತು ಜನ ಅಂಗಡಿ ಮುಚ್ಚಿ ಬಂದಿದ್ದರು. ಪುರಸಭೆಯ ಸಭಾಂಗಣದಲ್ಲಿ ಕುರ್ಚಿ ಸಾಲದೆ ಇಸ್ತ್ರಿಯಮ್ಮ ಗೋಡೆಗೊರಗಿ ನಿಂತಿದ್ದಳು. ಎಂಟು ಜನ ಸದಸ್ಯರು, ಮೇಲೆ ಅಧ್ಯಕ್ಷೆ. ಆಕೆ ಮೊದಲು ಬೇಕರಿ ಇಟ್ಟಿದ್ದವಳು, ಈಗಲೂ ಬೇಕರಿ ಮೇಡಂ ಅಂತಲೇ ಹೆಸರು. ನಾಲ್ವರು ಸದಸ್ಯರು ಕೋಣೆ ಕೊಡೋಣ ಅನ್ನುವವರು, ನಾಲ್ವರು ಯಾಕೆ ಕೊಡಬೇಕು ಅನ್ನುವವರು. ಬೇಕರಿ ಮೇಡಂ ಯಾವ ಕಡೆ ವಾಲಿದರೆ ಆ ಕಡೆ ತೀರ್ಮಾನ. ಇದು ಬಂದ ಮೂವತ್ತು ಜನಕ್ಕೂ ಗೊತ್ತಿತ್ತು.

ಮೇಷ್ಟ್ರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡು, ತರಗತಿಗೆ ಹೇಳುವ ಹಾಗೆ ಹೇಳಿದರು. ಈ ಬೀದಿಗೆ ಆ ಕೌಂಟರು ಏನು, ಅದು ಹೋದರೆ ಕಾಲಿಲ್ಲದವರು, ಕೈಯಲ್ಲಿ ಕೂಸಿದ್ದವರು ಬಸ್ಸು ಹತ್ತಿ ದೊಡ್ಡ ಪೋಸ್ಟಾಫೀಸಿಗೆ ಹೋಗಬೇಕಾಗುತ್ತದೆ ಅನ್ನೋದನ್ನೆಲ್ಲ ಹೇಳಿ, ಕೊನೆಗೆ, "ಎರಡು ವಾರ ಕೂತು ನಾನೇ ಎಣಿಸಿದ್ದೇನೆ. ದಿನಕ್ಕೆ ಸರಾಸರಿ ನಲವತ್ತು ರಿಜಿಸ್ಟರ್ ಪತ್ರ ಮತ್ತು ಪಾರ್ಸಲು. ಕಡಿಮೆ ಹೇಳಿದ್ದರೆ ಹೇಳಿದ್ದೇನೆ, ಹೆಚ್ಚು ಹೇಳಿಲ್ಲ" ಅಂದರು. ಬೇಕರಿ ಮೇಡಂ ಮುಖ ಅರಳಿತು. ನಲವತ್ತು ಅಂತ ಎದುರಿಗಿದ್ದ ಕಾಗದದಲ್ಲಿ ಬರೆದುಕೊಂಡು, ಎರಡು ಸಲ ಅಡಿಗೆರೆ ಎಳೆದಳು. ಪೋಸ್ಟಕ್ಕ ಇಸ್ತ್ರಿಯಮ್ಮನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು.

ಆಗ ಅಂಚೆ ಇಲಾಖೆಯಿಂದ ಬಂದಿದ್ದ ಅಧಿಕಾರಿ ಎದ್ದ. ಇನ್ನೂ ಮೀಸೆ ಬಲಿಯದವನು, ಕೆಟ್ಟವನೇನಲ್ಲ. ಮಾತಾಡೋದಕ್ಕೆ ಅವನಿಗೇ ಸಂಕೋಚವಾಗುತ್ತಿತ್ತು. "ಕ್ಷಮಿಸಿ ಸಾರ್. ನಮ್ಮ ಕಂಪ್ಯೂಟರಿನಲ್ಲಿ ಈ ಕಚೇರಿಗೆ ದಿನಕ್ಕೆ ಮೂರು ಅಂತ ಇದೆ."

"ಎಷ್ಟು?"

"ಮೂರು ಸಾರ್. ಒಂಬತ್ತು ವರ್ಷದಿಂದ ಇಳೀತಾನೇ ಇದೆ."

ಬೇಡ ಅನ್ನುವವರ ಪೈಕಿ ಕಂಟ್ರಾಕ್ಟರ್ ಸದಸ್ಯನೊಬ್ಬನಿದ್ದ, ಬಾಯಿ ಸುಮ್ಮನಿರದವನು. "ಏನ್ ಮೇಷ್ಟ್ರೇ, ಒಂದು ಸೊನ್ನೆ ಜಾಸ್ತಿ ಹಾಕಿಬಿಟ್ರಾ? ಮೂರಕ್ಕೆ ಸೊನ್ನೆ ಹಾಕಿದ್ರೂ ಮೂವತ್ತೇ ಆಗೋದು! ನಮ್ಮ ಕಾಲದಲ್ಲಿ ಹೀಗೆ ಲೆಕ್ಕ ಮಾಡಿದ್ರೆ ನೀವು ಕಿವಿ ಹಿಂಡ್ತಿದ್ರಿ" ಅಂದ. ಗೊಳ್ಳೆಂದು ನಕ್ಕರು. ಬೀದಿಯವರಲ್ಲೂ ಇಬ್ಬರು ನಕ್ಕರು, ಅದನ್ನೂ ಹೇಳಿಬಿಡಬೇಕು.

ಮೂರು ಅನ್ನೋದು ಕಿವಿಗೆ ಬಿದ್ದಾಗ ಪೋಸ್ಟಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಇವನ ಕಂಪ್ಯೂಟರಿಗೆ ಬೆಂಕಿ ಹಾಕ, ದಿನಾ ಹೊತ್ತು ಹೊತ್ತು ನನ್ನ ಹೆಗಲು ಬಿದ್ದುಹೋಗಿದೆ, ಮೂರಂತೆ ಮೂರು! ಅಂದುಕೊಂಡ ಮರುಕ್ಷಣವೇ ಹೊಳೆಯಿತು. ಹೊತ್ತದ್ದು ಎಲ್ಲಿಗೆ? ದೊಡ್ಡ ಪೋಸ್ಟಾಫೀಸಿಗೆ. ರಸೀದಿ ಹರಿದದ್ದು ಎಲ್ಲಿ? ದೊಡ್ಡ ಪೋಸ್ಟಾಫೀಸಿನಲ್ಲಿ. ಒಂಬತ್ತು ವರ್ಷ ಬೀದಿಯ ಒಂದೊಂದು ಪತ್ರವನ್ನೂ ತನ್ನ ಕೈಯಾರೆ ಹೊತ್ತುಕೊಂಡು ಹೋಗಿ ಬೇರೆಯವರ ಖಾತೆಗೆ ಹಾಕಿ ಬಂದಿದ್ದಾಳೆ. ಹೋದ ವರ್ಷ ದೊಡ್ಡ ಪೋಸ್ಟಾಫೀಸಿಗೆ ಹೆಚ್ಚು ವಹಿವಾಟು ಮಾಡಿದ್ದಕ್ಕೆ ಫಲಕ ಬಂದಾಗ ಅಲ್ಲಿನ ಗುಮಾಸ್ತ ಇವಳಿಗೂ ಒಂದು ಪೇಪರ್ ಕಪ್ಪಿನಲ್ಲಿ ಟೀ ಕೊಟ್ಟಿದ್ದ. ಕುಡಿದು ಬಂದಿದ್ದಳು, ಮೂರ್ಖಿ. ಇವಳಿಗೆ ಪತ್ರ ಒಂದು ದಿನ ಬೇಗ ಮುಟ್ಟಬೇಕು ಅನ್ನೋದು ಬಿಟ್ಟರೆ ಬೇರೇನೂ ತಲೆಗೆ ಬಂದಿರಲಿಲ್ಲ.

ಮೇಷ್ಟ್ರು ನಿಂತೇ ಇದ್ದರು. ನಗು ಮುಗಿಯಲಿ ಅಂತ ಕಾದು, ಫೈಲಿನ ದಾರ ಬಿಚ್ಚಿದರು. ಯಾವುದೋ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದರು. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. "ಏನಾದ್ರೂ ತೋರಿಸ್ತೀರಾ ಸಾರ್?" ಅಂದಳು ಬೇಕರಿ ಮೇಡಂ. ಮೇಷ್ಟ್ರು ಫೈಲು ಮುಚ್ಚಿ, ದಾರ ಕಟ್ಟಿ, ಹಿಂದಕ್ಕೆ ತಿರುಗಿ ಪೋಸ್ಟಕ್ಕನನ್ನು ನೋಡಿದರು. ಅವಳು ಕೈಚೀಲದ ಝಿಪ್ಪು ಎಳೆಯೋದು, ಬಿಡೋದು ಮಾಡುತ್ತಿದ್ದಳು.

ಬೇಕರಿ ಮೇಡಂ ಹತ್ತು ನಿಮಿಷ ಬಿಡುವು ಕೊಟ್ಟಳು. ಮೊಗಸಾಲೆಯಲ್ಲಿ ಸರಪಳಿ ಕಟ್ಟಿದ ಲೋಟದಿಂದ ನೀರು ಕುಡಿಯುತ್ತಿದ್ದ ಪೋಸ್ಟಕ್ಕನ ಹತ್ತಿರ ಮೇಷ್ಟ್ರು ಬಂದು ನಿಂತರು.

"ಏನಮ್ಮ, ನಿನಗೇನಾದ್ರೂ ಹೇಳೋದಿದ್ಯಾ?"

"ನಂದೇನಿದೆ ಮೇಷ್ಟ್ರೇ?"

"ಇದ್ರೆ ಒಳಗೆ ಹೋಗಿ ಹೇಳಿಬಿಡು. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಅವಳಿಗೆ ಆ ಕ್ಷಣ ಕಂಡದ್ದು ಇಷ್ಟು: ಮನೆ, ಮಂಚದ ಮೇಲೆ ಪಕ್ಕಕ್ಕೆ ಹೊರಳೋದಕ್ಕೂ ಅವಳ ಕೈ ಹಿಡಿಯೋ ಗಂಡ, ಇನ್ನೂ ಮೂರು ವರ್ಷ ಬಾಕಿ ಇರೋ ಪಿಂಚಣಿ. ಒಳಗೆ ಇಲಾಖೆಯ ಅಧಿಕಾರಿ ಕೂತಿದ್ದಾನೆ. ಬಾಯಿ ಬಿಟ್ಟರೆ ಬಿಟ್ಟಲ್ಲೇ ಮುಗೀತು. ಲೋಟ ಕೆಳಗಿಟ್ಟು, "ಕಂಪ್ಯೂಟರ್ ವಿಷಯ ನಂಗೇನು ಗೊತ್ತಾಗುತ್ತೆ ಮೇಷ್ಟ್ರೇ" ಅಂದಳು. ಅಂದವಳ ಕಿವಿಗೇ ಆ ಮಾತು ಹೊಲಸಾಗಿ ಕೇಳಿಸಿತು. ಮೇಷ್ಟ್ರು "ಸರಿ" ಅಂತಷ್ಟೇ ಅಂದು ಒಳಗೆ ಹೋದರು.

ಬಿಡುವಿನ ನಂತರ ಬೇಕರಿ ಮೇಡಂ ಎಲ್ಲರನ್ನೂ ಬಿಟ್ಟು ನೇರವಾಗಿ ಪೋಸ್ಟಕ್ಕನನ್ನೇ ಎಬ್ಬಿಸಿದಳು. ಆಕೆಗೆ ಮನಸ್ಸಿತ್ತು ರೀ, ಕೊಡಬೇಕು ಅಂತ. ಕೊಡೋದಕ್ಕೆ ಒಂದು ಕಾರಣ ಹುಡುಕುತ್ತಿದ್ದಳು ಅಷ್ಟೇ.

"ನೋಡಮ್ಮ, ಕೌಂಟರಿನಲ್ಲಿ ಕೂರೋರು ನೀವು. ಯಾರಿಗೂ ಹೆದರ್ಬೇಡಿ. ನಲವತ್ತೋ, ಮೂರೋ? ನೀವು ಹೇಳಿದ್ದನ್ನ ನಾನು ನಂಬ್ತೀನಿ."

ಪೋಸ್ಟಕ್ಕ ಎದ್ದಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮುಂದಿನ ಸಾಲಿನಲ್ಲಿ ಮೇಷ್ಟ್ರು ತಿರುಗಿ ನೋಡಲಿಲ್ಲ. ನರೆತ ಹಿಂದಲೆ ಮಾತ್ರ ಕಾಣುತ್ತಿತ್ತು.

"ಕಂಪ್ಯೂಟರಿನಲ್ಲಿ ಇರೋದೇ ಸರಿ ಮೇಡಂ," ಅಂದಳು.

ಬೇಕರಿ ಮೇಡಂ ಪೆನ್ನು ತೆಗೆದು, ಅಡಿಗೆರೆ ಎಳೆದಿದ್ದ ನಲವತ್ತನ್ನು ಹೊಡೆದುಹಾಕಿದಳು. "ಮೂರು ಪತ್ರಕ್ಕೆ ಒಂದು ಕೋಣೆ ಕೊಡಿ ಅಂತ ನಾನು ಜನರ ಮುಂದೆ ಹೇಗೆ ಹೇಳ್ಲಿ?" ಅಂದಳು. ಕೈ ಎತ್ತಿಸಿದರು. ಆ ಕಡೆ ಐದು, ಈ ಕಡೆ ನಾಲ್ಕು.

ತಿಂಗಳ ಕೊನೆಗೆ ಬೀಗ ಬಿತ್ತು. ಬೆಂಚನ್ನು ಟೈಲರು ತೆಗೆದುಕೊಂಡ. ಗೂಡಿನ ಕಪಾಟನ್ನು ಯಾರೂ ತೆಗೆದುಕೊಳ್ಳಲಿಲ್ಲ. ಟ್ಯಾಂಕಿನ ಪಕ್ಕದ ಕೋಣೆಗೆ ಪುರಸಭೆಯವರು ಮುರುಕು ಕುರ್ಚಿಗಳನ್ನು ತುಂಬಿದರು. ಪೋಸ್ಟಕ್ಕನನ್ನು ಇಲಾಖೆ ಕೈಬಿಡಲಿಲ್ಲ. ದೊಡ್ಡ ಪೋಸ್ಟಾಫೀಸಿನ ಮೂರನೇ ಕೌಂಟರಿಗೆ ಹಾಕಿತು. ಫಲಕ ನೇತುಹಾಕಿದ್ದ ಗೋಡೆ ಅವಳ ಎದುರಿಗೇ ಇತ್ತು. ಗಂಡ ಮಾತ್ರ, "ಸದ್ಯ, ಕೆಲಸ ಉಳೀತಲ್ಲ" ಅಂತ ದಿನಕ್ಕೆರಡು ಸಲ ಅಂದ. ಪಾಪ, ಅವನಿಗೇನು ಗೊತ್ತು. ಅವಳು ಅವನಿಗೂ ಹೇಳಿರಲಿಲ್ಲ.

ನುಂಗಿಕೊಂಡು ಇದ್ದುಬಿಡುತ್ತಿದ್ದಳೋ ಏನೋ. ಒಂದು ದಿನ ಬೀದಿಯ ಕ್ಷೌರದಂಗಡಿಯವನು ಕೌಂಟರಿಗೆ ಬಂದವನು, ಸಾಲಿನಲ್ಲಿದ್ದ ಇನ್ನೊಬ್ಬನ ಹತ್ತಿರ ನಗುತ್ತಾ ಹೇಳಿದ: "ನಮ್ಮ ನಲವತ್ತು ಮೇಷ್ಟ್ರು ಈಗ ಹೊರಗೇ ಬರಲ್ಲ ಕಣಯ್ಯ. ಮೊನ್ನೆ ಅಂಗಡೀಲಿ ಯಾರೋ 'ಎಷ್ಟು ವಯಸ್ಸು ಸಾರ್, ನಲವತ್ತಾ?' ಅಂದ್ರು. ಅರ್ಧ ಕ್ಷೌರದಲ್ಲೇ ಎದ್ದು ಹೋದ್ರು." ನಲವತ್ತು ಮೇಷ್ಟ್ರು! ಬೀದಿಗೆ ಬೀದಿಯೇ ಹಾಗೆ ಕರೆಯುತ್ತಿದೆಯಂತೆ. ಪೋಸ್ಟಾಫೀಸು ಹೋದದ್ದು ಅವರು ಬಿಟ್ಟ ಬುರುಡೆಯಿಂದ, ಪುರಸಭೆಗೆ ಸಿಟ್ಟು ಬಂದದ್ದೇ ಅದಕ್ಕೆ ಅಂತ ಮಾತಂತೆ. ಪೋಸ್ಟಕ್ಕನ ಕೈಯಲ್ಲಿದ್ದ ಮೊಹರು ರಸೀದಿಯ ಮೇಲೆ ಬೀಳದೆ ಮೇಜಿನ ಮೇಲೆ ಬಿತ್ತು.

ಅವತ್ತು ಕೆಲಸ ಬಿಟ್ಟವಳು ಮನೆಗೆ ಹೋಗಲಿಲ್ಲ. ಹಿಂದಕ್ಕೆ ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋದಳು. ಬಾಗಿಲು ತೆಗೆದ ಮಗಳು, "ಅಪ್ಪ ಒಳಗಿದ್ದಾರೆ. ಆ ವಿಷಯ ಎತ್ಬೇಡಿ ಅಕ್ಕ, ಊಟ ಬಿಟ್ಬಿಡ್ತಾರೆ" ಅಂದಳು. ಎತ್ತೋದಕ್ಕೇ ಬಂದವಳು ಏನಂತಾಳೆ? ತಲೆಯಾಡಿಸಿ ಒಳಗೆ ಹೋದಳು.

ಮೇಷ್ಟ್ರು ಕಿಟಕಿಯ ಹತ್ತಿರ ಕೂತಿದ್ದರು. ಅರ್ಧ ಮಾಡಿಸಿದ ಕ್ಷೌರ ಹಾಗೇ ಇತ್ತು, ಒಂದು ಕಿವಿಯ ಮೇಲೆ ಕೂದಲು ಗಿಡ್ಡ, ಇನ್ನೊಂದರ ಮೇಲೆ ಉದ್ದ. ಪೋಸ್ಟಕ್ಕ ಕೂರಲೂ ಇಲ್ಲ. ನಿಂತಲ್ಲೇ ಎಲ್ಲ ಹೇಳಿದಳು. ಗುಂಡಿ ಹೊಲಿಯೋ ಹುಡುಗಿಯಿಂದ ಹಿಡಿದು, ಎರಡು ಬಟ್ಟೆ ಚೀಲ, ದೊಡ್ಡ ಪೋಸ್ಟಾಫೀಸಿನ ಸಾಲು, ಸಭೆಯಲ್ಲಿ ಅಂದ ಮಾತು, ಎಲ್ಲ. ಹೇಳುತ್ತಾ ಹೇಳುತ್ತಾ ಮೂಗು ಸೋರಿತು, ಒರೆಸಿಕೊಂಡಳು. "ನಿಮ್ಮ ಲೆಕ್ಕ ಸರಿಯಾಗಿತ್ತು ಮೇಷ್ಟ್ರೇ. ನಲವತ್ತೇ ಇತ್ತು."

ಮೇಷ್ಟ್ರು ಎದ್ದು ಕಪಾಟಿನಿಂದ ಫೈಲು ತೆಗೆದರು, ದಾರ ಬಿಚ್ಚಿ ಮೇಜಿನ ಮೇಲಿಟ್ಟರು. "ನೋಡು."

ರಸೀದಿಗಳು. ಇಸ್ತ್ರಿಯಮ್ಮನವು, ಟೈಲರಿನವು, ಗ್ಯಾರೇಜಿನವು, ಮೇಷ್ಟ್ರದೇ ಒಂದಷ್ಟು. ಒಂದೊಂದರ ಮೇಲೂ ದುಂಡಗೆ, ಸ್ವಲ್ಪ ಮಸುಕಾಗಿ, ದೊಡ್ಡ ಪೋಸ್ಟಾಫೀಸಿನ ಮೊಹರು.

"ಸಭೆಯಲ್ಲೇ ನೋಡಿದ್ದು," ಅಂದರು. "ಅದಕ್ಕೆ ಮುಂಚೆ ಎಣಿಸಿದ್ದೆ, ಓದಿರಲಿಲ್ಲ. ಮುನ್ನೂರ ಹನ್ನೆರಡು ರಸೀದಿ ಎಣಿಸಿದವನು ಒಂದರ ಮೊಹರೂ ಓದ್ಲಿಲ್ಲ ನೋಡು. ಮೂರು ಅಂದಾಗ ತೆಗೆದು ನೋಡ್ದೆ. ಎಲ್ಲಾ ಅರ್ಥ ಆಯ್ತು."

ಪೋಸ್ಟಕ್ಕ ಕುರ್ಚಿಗೆ ಕುಸಿದಳು. "ಗೊತ್ತಿತ್ತಾ? ಮತ್ತೆ ಯಾಕೆ ತೋರಿಸ್ಲಿಲ್ಲ? ಅವರೆಲ್ಲ ನಗ್ತಿದ್ರಲ್ಲ ಮೇಷ್ಟ್ರೇ! ಎತ್ತಿ ತೋರಿಸಬಾರದಿತ್ತಾ?"

"ತೋರಿಸಿದ್ರೆ ನಿನ್ನ ಹಿಡಿದುಕೊಟ್ಟ ಹಾಗಾಗ್ತಿತ್ತು. ಅಧಿಕಾರಿ ಎದುರಿಗೇ ಕೂತಿದ್ದ. ನಿನ್ನ ಗಂಡನ ಬೆನ್ನು ನಂಗೆ ಗೊತ್ತಿಲ್ವಾ?" ಮೇಷ್ಟ್ರು ರಸೀದಿಗಳ ಅಂಚು ಸರಿಮಾಡಿದರು. "ಅದು ನಿನ್ನ ಮಾತಮ್ಮ, ನಾನು ಹೇಗೆ ಹೇಳ್ಲಿ? ನೀನು ಎದ್ದು ಹೇಳ್ತೀಯ ಅಂತ ಕಾದೆ. ಹೊರಗೆ ನೀರಿನ ಹತ್ರ ಕಾದೆ. ಆಕೆ ನಿನ್ನನ್ನ ಎಬ್ಬಿಸಿದಾಗಲೂ ಕಾದೆ."

"ಹೇಳಿದ್ದಿದ್ರೆ ಉಳೀತಿತ್ತಾ?"

ಬೇರೆ ಯಾರೇ ಆಗಿದ್ದರೂ ಸಮಾಧಾನಕ್ಕೆ ಒಂದು ಮಾತು ಅನ್ನುತ್ತಿದ್ದರು, ಇಲ್ಲ ಬಿಡು, ಉಳೀತಿರಲಿಲ್ಲ ಅಂತ. ಮೇಷ್ಟ್ರ ಬಾಯಲ್ಲಿ ಅಂಥದ್ದು ಬರೋದಿಲ್ಲ.

"ಉಳೀತಿತ್ತು ಅನ್ಸುತ್ತೆ. ಆಕೆಗೆ ಕೊಡೋ ಮನಸ್ಸಿತ್ತು. ನಿನ್ನ ಕೆಲಸಕ್ಕೆ ಏನಾಗ್ತಿತ್ತೋ ಹೇಳೋಕಾಗಲ್ಲ. ಇಡೀ ಬೀದಿ ನಿನ್ನ ಹಿಂದೆ ನಿಲ್ತಿತ್ತು, ಅಷ್ಟಂತೂ ಗೊತ್ತು."

ಪೋಸ್ಟಕ್ಕ ಬಿಕ್ಕಿ ಬಿಕ್ಕಿ ಅತ್ತಳು. "ನಂದು ತಪ್ಪಾಯ್ತು ಮೇಷ್ಟ್ರೇ" ಅಂತ ಮೂರು ಸಲ ಅಂದಳು. ಮೇಷ್ಟ್ರು ತಲೆ ಸವರಲಿಲ್ಲ, ಬೈಯಲೂ ಇಲ್ಲ. ಅಳು ನಿಂತ ಮೇಲೆ ಫೈಲಿಗೆ ದಾರ ಕಟ್ಟಿ ಅವಳ ಕೈಗೆ ಕೊಟ್ಟರು.

"ನನ್ನ ಹತ್ರ ಹೇಳಿ ಏನು ಬಂತು? ನಂಗೆ ಗೊತ್ತೇ ಇತ್ತು. ಗೊತ್ತಿಲ್ಲದವರಿಗೆ ಹೇಳು."

ಫೈಲನ್ನು ಎದೆಗವಚಿಕೊಂಡು ಪೋಸ್ಟಕ್ಕ ಬಸ್ ಸ್ಟಾಪಿಗೆ ಬಂದಳು. ಎದುರಿನಿಂದ ರಸ್ತೆ ದಾಟುತ್ತಿದ್ದ ಇಸ್ತ್ರಿಯಮ್ಮ ಅವಳನ್ನು ಕಂಡು, "ಅಯ್ಯೋ, ನಮ್ಮ ಪೋಸ್ಟಕ್ಕ!" ಅಂತ ಅಲ್ಲಿಂದಲೇ ಕೂಗಿದಳು. ಅವಳೂ ಅದೇ ಬಸ್ಸು ಹತ್ತಬೇಕಿತ್ತಂತೆ, ಮಗನ ಮನೆಗೆ. ಇಬ್ಬರೂ ಹತ್ತಿ ಒಂದೇ ಸೀಟಿನಲ್ಲಿ ಕೂತರು. ಇಸ್ತ್ರಿಯಮ್ಮ ತನ್ನ ಚೀಲವನ್ನು ಸಲಿಗೆಯಿಂದ ಪೋಸ್ಟಕ್ಕನ ತೊಡೆಯ ಮೇಲಿಟ್ಟಳು.

"ಸ್ವಲ್ಪ ಹಿಡ್ಕೋ, ನನ್ನ ಮಂಡಿ ಚಾಚ್ಕೋತೀನಿ. ಏನ್ ಹೇಳ್ಲಿ ಪೋಸ್ಟಕ್ಕ, ನೀನಿಲ್ದೆ ನಮ್ಮ ಪಾಡು ನಾಯಿಪಾಡು. ಮುಲಾಮು ಈಗ ತಿಂಗಳಿಗೊಂದ್ಸಲ ಕಳಿಸ್ತಿದೀನಿ. ಬಸ್ಸು ಹತ್ತಿ ಹೋಗಿ ಬಂದ್ರೆ ಅರ್ಧ ದಿನದ ಇಸ್ತ್ರಿ ಹೋಯ್ತು. ನಮ್ಮಕ್ಕ ವಾರದ ಡಬ್ಬಿನ ತಿಂಗಳು ಹಚ್ಕೋತಾಳಂತೆ, ಉಗುರಲ್ಲಿ ಗೀರಿ ಗೀರಿ. ಕ್ಷೌರದವನ ಮಾತು ನಿಜ ನೋಡು, ಎಲ್ಲಾ ಆ ಮೇಷ್ಟ್ರಿಂದ ಆಗಿದ್ದು. ನೆಟ್ಟಗೆ ಮೂರು ಅಂದು ಕೈಮುಗಿದು ಕೇಳಿದ್ರೆ ಕೊಡ್ತಿದ್ರೋ ಏನೋ. ನಲವತ್ತು ಅಂತ ಬಿಟ್ರಲ್ಲ ಬುರುಡೆ!"

"ಬುರುಡೆ ಅಲ್ಲಮ್ಮ," ಅಂದಳು ಪೋಸ್ಟಕ್ಕ.

ಬಸ್ಸಿನಲ್ಲಿ ಮುಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ, ಒಂದೂ ಬಿಡದೆ ಹೇಳಿದಳು. ಫೈಲು ಬಿಚ್ಚಿ ಇಸ್ತ್ರಿಯಮ್ಮನದೇ ರಸೀದಿ ತೆಗೆದು ಮೊಹರಿನ ಮೇಲೆ ಬೆರಳಿಟ್ಟು ತೋರಿಸಿದಳು. ಬೇಕರಿ ಮೇಡಂ ಕೇಳಿದ್ದನ್ನೂ, ತಾನು ಉತ್ತರ ಕೊಟ್ಟದ್ದನ್ನೂ ಅದೇ ಮಾತುಗಳಲ್ಲಿ ಹೇಳಿದಳು. ಇಸ್ತ್ರಿಯಮ್ಮ ಮೊದಮೊದಲು "ಹೌದಾ, ಪಾಪ, ನಮಗೋಸ್ಕರ ಅಷ್ಟೊಂದು ಹೊತ್ಯಾ" ಅನ್ನುತ್ತಿದ್ದವಳು, ಸಭೆಯ ಮಾತು ಬಂದಾಗ ಚಾಚಿದ್ದ ಮಂಡಿಯನ್ನು ಮಡಚಿಕೊಂಡಳು.

"ನಾನೂ ಅಲ್ಲೇ ಗೋಡೆ ಹತ್ರ ನಿಂತಿದ್ನಲ್ಲ," ಅಂದಳು ಕೊನೆಗೆ. "ನೀನು ಎದ್ದು ಕಂಪ್ಯೂಟರೇ ಸರಿ ಅಂದಾಗ ನಾನು ಅಂದ್ಕೊಂಡೆ, ಪಾಪ, ಮೇಷ್ಟ್ರು ಇವಳನ್ನ ಎಂಥ ಇಕ್ಕಟ್ಟಿಗೆ ಸಿಕ್ಕಿಸಿದ್ರು ಅಂತ."

ಪೋಸ್ಟಕ್ಕ ತಲೆ ತಗ್ಗಿಸಿದಳು.

"ಹಂಗಾದ್ರೆ ಅವರು ಸುಳ್ಳು ಹೇಳಿರ್ಲಿಲ್ಲ."

"ಇಲ್ಲ."

ಇಸ್ತ್ರಿಯಮ್ಮ ಪೋಸ್ಟಕ್ಕನ ತೊಡೆಯ ಮೇಲಿದ್ದ ತನ್ನ ಚೀಲವನ್ನು ಮೆಲ್ಲಗೆ ಎತ್ತಿಕೊಂಡಳು. ಸೀಟಿನ ಬೆನ್ನು ಹಿಡಿದು ನೋಯುವ ಮಂಡಿಯ ಮೇಲೆ ಎದ್ದಳು.

"ಕೂತ್ಕೊಳೇ, ನಿಂಗೆ ನಿಲ್ಲೋಕಾಗಲ್ಲ," ಅಂದಳು ಪೋಸ್ಟಕ್ಕ.

"ಬೇಡ," ಅಂದು ಇಸ್ತ್ರಿಯಮ್ಮ ಬಾಗಿಲ ಹತ್ತಿರ ಹೋಗಿ ಕಂಬ ಹಿಡಿದು ನಿಂತಳು. ಅವಳ ಮಗನ ಮನೆಗೆ ಇನ್ನೂ ಆರು ಸ್ಟಾಪು ಇತ್ತು.